ಅಡಿಕೆ ಡ್ರೈಯರ್ ಗೋಡೆಗೆ ಪ್ರೆಸ್ ಪ್ಲೇಟ್: ಸೌದೆ ಉಳಿಸಿದ ನನ್ನ ಅನುಭವ

ಮಳೆಗಾಲದ ಅಡಿಕೆ ಒಣಗಿಸಲು ನಮ್ಮ ಡ್ರೈಯರ್‌ಗೆ ಪ್ರತಿ ವರ್ಷ ಹೆಚ್ಚುಕಡಿಮೆ ಎಂಟು ಪಿಕಪ್ ಸೌದೆ ಹೋಗುತ್ತಿತ್ತು. ಈಗ ಆರಕ್ಕೆ ಮುಗಿಯುತ್ತಿದೆ. ಒಲೆ ಅದೇ, ಹೊಗೆ ಪೈಪ್ ಅದೇ, ಅಡಿಕೆಯೂ ಸುಮಾರು ಅಷ್ಟೇ. ಬದಲಾಗಿದ್ದು ಪೈಪಿನ ಹಿಂದಿನ ಗೋಡೆ ಮತ್ತು ಕೆಳಗಿನ ನೆಲ. ಅಲ್ಲಿ ಈಗ ಹೊಳೆಯುವ ಅಲ್ಯೂಮಿನಿಯಂ ತಗಡು ಇದೆ, ಅಷ್ಟೇ. ಮೊದಲ ವರ್ಷವೇ ಹೇಳಿದ್ದರೆ "ಈ ಸಲ ಮಳೆ ಕಡಿಮೆ ಇತ್ತಲ್ವಾ" ಅನ್ನುತ್ತಿದ್ದರು. ಅದಕ್ಕೇ ಇನ್ನೂ ಒಂದೆರಡು ಕೊಯ್ಲು ಕಾದೆ. ಹೋದ ವರ್ಷ ಮಳೆ ಜಾಸ್ತಿಯೇ ಇತ್ತು, ಲೆಕ್ಕ ಬದಲಾಗಲಿಲ್ಲ. ಇನ್ನು ಧೈರ್ಯವಾಗಿ ಬರೆಯಬಹುದು.

ನಮ್ಮದು ಹೊಸನಗರ ತಾಲ್ಲೂಕು, ನಗರ ಎಂಬ ಊರಿನ ಕಡೆ. ಹುಲಿಕಲ್, ಮಾಸ್ತಿಕಟ್ಟೆ ಮಳೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ದಸರಾ ಕಳೆದರೂ ಬಿಸಿಲನ್ನು ನಂಬುವ ಹಾಗಿಲ್ಲ. ಕೊಳೆ ರೋಗ ಬಂದ ವರ್ಷವಂತೂ ಬೆಳೆಯುವ ಮೊದಲೇ ಅಡಿಕೆ ಗೊನೆ ಇಳಿಸಬೇಕು. ಬೇಯಿಸಿದ ಅಡಿಕೆ ಎರಡು ದಿನ ರಾಶಿ ಬಿದ್ದರೆ ಬೂಷ್ಟು. ಹಾಗಾಗಿ ಬೆಳೆಯ ಮೂರನೇ ಒಂದು ಪಾಲು ಡ್ರೈಯರ್ ಮೇಲೆಯೇ ಒಣಗಬೇಕು. ಕ್ವಿಂಟಾಲ್ ಹಸಿ ಅಡಿಕೆಗೆ ಕೈಗೆ ಬರುವುದು 12–13 ಕೆ.ಜಿ. ಕೆಂಪಡಿಕೆ. ಅಷ್ಟರಲ್ಲಿ ಸೌದೆಗೇ ಎಷ್ಟು ಕೊಡುವುದು?

ನಮ್ಮ ಡ್ರೈಯರ್ ಎಲ್ಲರ ಮನೆಯದರ ಹಾಗೇ. ಸುಮಾರು 10 ಅಡಿಗೆ 12 ಅಡಿಯ ಜಂಬಿಟ್ಟಿಗೆ ಕಲ್ಲಿನ ಕೋಣೆ. ಹೊರಗೆ ಒಲೆ ಬಾಯಿ, ಒಳಗೆ ಸುತ್ತಿ ಬರುವ ಹೊಗೆ ಪೈಪ್, ಮೇಲೆ ಜಾಲರಿ ತಟ್ಟೆಗಳು, ಮಾಡಿನಲ್ಲಿ ಗಾಳಿ ಕಿಂಡಿ.

ಈ ಯೋಚನೆ ಬಂದದ್ದು ಇಂಗ್ಲೆಂಡಿನಲ್ಲಿರುವ ಅಕ್ಕನ ಮಗನಿಂದ. ಅಲ್ಲಿ ಮನೆ ಬೆಚ್ಚಗಿಡಲು ಗೋಡೆಗೆ ರೇಡಿಯೇಟರ್ ಇರುತ್ತದೆ, ಒಳಗೆ ಬಿಸಿನೀರು ಹರಿಯುತ್ತದೆ. ಅದರ ಹಿಂದೆ ಹೊಳೆಯುವ ಹಾಳೆ ಹಚ್ಚಿದರೆ ಕಾವು ಹೊರಗೋಡೆಗೆ ಹೋಗದೆ ಕೋಣೆಗೆ ತಿರುಗುತ್ತದೆ ಅಂತ ಫೋಟೋ ಕಳಿಸಿದ್ದ. "ಮಾವ, ಉಳಿಯೋದು ಸ್ವಲ್ಪವೇ. ಗೋಡೆಗೆ ಒಳ್ಳೆ ಇನ್ಸುಲೇಷನ್ ಇದ್ದರೆ ಹಚ್ಚಿಯೂ ಪ್ರಯೋಜನ ಇಲ್ಲ" ಅಂದ. ನನಗೆ ಹೊಳೆದದ್ದು ಬೇರೆ. ಅವರ ರೇಡಿಯೇಟರ್ 60–70 ಡಿಗ್ರಿ. ನಮ್ಮ ಪೈಪಿನ ಮೊದಲ ಸುತ್ತು 200 ದಾಟುತ್ತದೆ. ಪೈಪ್ ಬಿಸಿಯಾದಷ್ಟೂ ಅದು ಎಸೆಯುವ ಕಾವು ಜೋರಾಗಿ ಏರುತ್ತದೆ. ನಮ್ಮ ಗೋಡೆಯೋ, ಮೂರು ತಿಂಗಳು ಮಳೆ ಕುಡಿದ ಜಂಬಿಟ್ಟಿಗೆ. ಅವರಿಗೆ ಸ್ವಲ್ಪ ಉಳಿಯುವ ಕಡೆ ನಮಗೆ ಜಾಸ್ತಿ ಉಳಿಯಲೇಬೇಕು ಅನ್ನಿಸಿತು.

ಊರಲ್ಲಿ ಯಾರೂ ಒಪ್ಪಲಿಲ್ಲ. ಪೈಪ್ ಮಾಡಿಕೊಟ್ಟ ವೆಲ್ಡರ್, "ಅಡಿಕೆ ಒಣಗೋದು ಬಿಸಿಗಾಳಿಗೆ ಸಾರ್, ಗೋಡೆಗೆ ಏನು ಹಚ್ಚಿದರೇನು?" ಅಂದ. ನಮ್ಮ ಬಾವ ಬಂದು ನೋಡಿ, "ಎಂತ ಮಾರಾಯ, ಡ್ರೈಯರ್‌ಗೆ ಕನ್ನಡಿ ಹಚ್ಚಿ ಮದುಮಗಳ ಕೋಣೆ ಮಾಡ್ತೀಯಾ?" ಎಂದು ನಕ್ಕರು. ಬಿಸಿಗಾಳಿಯ ಮಾತು ಸುಳ್ಳಲ್ಲ. ಆದರೆ ಪೈಪಿನ ಕಾವು ಪೂರ್ತಿ ಗಾಳಿಗೆ ಹೋಗುವುದಿಲ್ಲ. ಒಲೆ ಜೋರಾಗಿ ಉರಿಯುವಾಗ ಪೈಪಿನ ಎದುರು ಮುಖ ಒಡ್ಡಿ ನಿಂತು ನೋಡಿ. ಗಾಳಿ ಮೇಲಕ್ಕೆ ಹೋಗುತ್ತಿರುತ್ತದೆ, ಕೆನ್ನೆ ಮಾತ್ರ ಸುಡುತ್ತದೆ. ಆ ಕಾವೇ ಗೋಡೆಗೂ ನೆಲಕ್ಕೂ ಹೋಗುವುದು. ನಾಲ್ಕು ರಾತ್ರಿ ಉರಿಸಿದ ಮೇಲೆ ಹೊರಗಿನಿಂದ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಆ ಬೆಚ್ಚಗೆಲ್ಲ ನಾನು ಕೊಟ್ಟ ಸೌದೆ ದುಡ್ಡು.

ಮೊದಲು ತಂದದ್ದು ಶೀಟಿನ ಮಾಡಿನ ಕೆಳಗೆ ಹಾಕುವ ಗುಳ್ಳೆ ಗುಳ್ಳೆ ಇರುವ ಬೆಳ್ಳಿ ಬಣ್ಣದ ಹಾಳೆ. ಒಂದು ರೋಲ್, ಎರಡೂವರೆ ಸಾವಿರದಷ್ಟು. ಒಲೆ ಬಾಯಿ ಕಡೆಯ ಗೋಡೆಯಲ್ಲಿ ಅದು ಒಂದು ರಾತ್ರಿಯೂ ಉಳಿಯಲಿಲ್ಲ. ಸುರುಟಿ ಕೆಳಗಿಳಿಯಿತು, ಪ್ಲಾಸ್ಟಿಕ್ ವಾಸನೆ ಬೇರೆ. ಆ ವಾಸನೆ ಅಡಿಕೆಗೆ ಹತ್ತಿದ್ದರೆ ಮಂಡಿಯಲ್ಲಿ ಚೀಲ ಬಿಚ್ಚುವ ಹಾಗೇ ಇರಲಿಲ್ಲ. ಚಿಪ್ಸ್ ಪ್ಯಾಕೆಟ್ ಹಾಳೆಯೂ ಅದೇ ಜಾತಿ, ಬಿಸಿಗೆ ಮುದುಡುತ್ತದೆ. ಪೈಪಿನ ಹತ್ತಿರ ಪ್ಲಾಸ್ಟಿಕ್ ಇರುವ ಏನೂ ಬೇಡ. ಬೆಂಕಿಯ ಅಪಾಯ.

ಆಮೇಲೆ ಅಡುಗೆಮನೆಯ ಫಾಯಿಲ್. ಮೈದಾ ಅಂಟು ಹಾಕಿ ಸೀದಾ ಗೋಡೆಗೆ ಅಂಟಿಸಿದೆ. ಲಾಭವೇ ಕಾಣಲಿಲ್ಲ. ಗೋಡೆಗೆ ತಾಗಿಕೊಂಡರೆ ತಗಡು ಹೀರಿದ ಕಾವು ಗೋಡೆಗೇ ದಾಟುತ್ತದೆ, ನಡುವೆ ಗಾಳಿ ಇದ್ದರೆ ಒಳ್ಳೆಯದು. ಅದೂ ಅಲ್ಲದೆ ನಮ್ಮ ಗೋಡೆಗೆ ಸುಣ್ಣ ಬಳಿದದ್ದು. ಹಸಿ ಸುಣ್ಣ ಅಲ್ಯೂಮಿನಿಯಂ ತಿನ್ನುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಫಾಯಿಲ್ ತೂತು ತೂತು.

ಎಣ್ಣೆ ಡಬ್ಬ ಬಿಚ್ಚಿ ತಟ್ಟಿ ಹಾಕಿದ್ದೂ ಆಯಿತು. ಅದು ಚೆನ್ನಾಗಿಯೇ ಕೆಲಸ ಮಾಡಿತು, ತುಕ್ಕು ಬರುವವರೆಗೆ. ಮೇಲಿನ ತಟ್ಟೆಯಿಂದ ಚೊಗರು, ಅಂದರೆ ಅಡಿಕೆ ಬೇಯಿಸಿದ ಒಗರು ನೀರು, ತೊಟ್ಟಿಕ್ಕುತ್ತದಲ್ಲ, ಚೊಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು ಶಾಯಿಯೇ. ಕೆಲವೇ ದಿನದಲ್ಲಿ ಹೊಳಪು ಹೋಯಿತು. ಹೊಳಪು ಹೋದ ತಗಡು ಬರೀ ತಗಡು.

ಕೊನೆಗೆ ಸಿಕ್ಕಿದ್ದು ಪ್ರೆಸ್ ಪ್ಲೇಟ್. ಆಫ್‌ಸೆಟ್ ಮುದ್ರಣದವರು ಒಮ್ಮೆ ಬಳಸಿ ಗುಜರಿಗೆ ಹಾಕುವ ಅಲ್ಯೂಮಿನಿಯಂ ಹಾಳೆ. ಮಗಳ ಮದುವೆ ಕರೆಯೋಲೆ ಮಾಡಿಸಲು ಶಿವಮೊಗ್ಗದ ಪ್ರೆಸ್ಸಿಗೆ ಹೋದಾಗ ಮೂಲೆಯಲ್ಲಿ ರಾಶಿ ಬಿದ್ದಿತ್ತು. ನನ್ನ ಕಣ್ಣು ಕರೆಯೋಲೆ ಮೇಲೆ ನಿಲ್ಲಲೇ ಇಲ್ಲ. ತೂಕದ ಲೆಕ್ಕದಲ್ಲಿ ಕೊಟ್ಟರು. ಕೆ.ಜಿ.ಗೆ ಇನ್ನೂರರ ಆಸುಪಾಸು, ದೊಡ್ಡ ಪ್ಲೇಟ್ ಒಂದು ಅರ್ಧ ಕೆ.ಜಿ. ತೂಗುತ್ತದೆ. ಗೋಡೆಗೂ ನೆಲಕ್ಕೂ ಸೇರಿ ಐವತ್ತರಷ್ಟು ಹಿಡಿಯಿತು, ಅಂದರೆ ಐದು ಸಾವಿರ. ಆಂಗಲ್ ಪಟ್ಟಿ, ರಿವೆಟ್, ವರ್ಕ್‌ಶಾಪಿನಲ್ಲಿ ಅಂಚು ಮಡಚಿಸಿದ ಕೂಲಿ, ಎಲ್ಲ ಸೇರಿ ಇನ್ನೊಂದು ಮೂರು ಸಾವಿರ.

ಇದರಲ್ಲಿ ಮುಖ್ಯ ವಿಷಯ ಒಂದಿದೆ. ಪ್ಲೇಟಿಗೆ ಎರಡು ಮುಖ. ಅಕ್ಷರ ಇರುವ ಮುಖ ಬೂದು ಬಣ್ಣ, ಉಜ್ಜಿದರೆ ನುಣುಪಾಗಿ ಕಾಣುತ್ತದೆ. ಆದರೆ ಅದಕ್ಕೆ ಆನೋಡೈಸ್ ಪದರ ಇರುತ್ತದೆ. ಅದು ಕಾವನ್ನು ಹೀರುತ್ತದೆ, ತಿರುಗಿಸುವುದಿಲ್ಲ. ಬರೀ ಲೋಹದ ಹಿಂಬದಿ ಪೈಪಿನ ಕಡೆಗೆ ಇರಬೇಕು. ಅಕ್ಷರ ಗೋಡೆ ಕಡೆಗೆ. ನನ್ನ ನೋಡಿ ಮಾಡಿದ ಇಬ್ಬರು ಉಲ್ಟಾ ಹಾಕಿ "ಏನೂ ಆಗಲಿಲ್ಲ" ಅಂದರು. ತಿರುಗಿಸಿ ಹಾಕಿದ ಮೇಲೆ ಸುಮ್ಮನಾದರು. ಶಾಯಿಯನ್ನು ಸೋಪಿನ ನೀರಲ್ಲಿ ತಿಕ್ಕಿ ತೆಗೆದು, ಹೊರಗೆ ಒಮ್ಮೆ ಕೆಂಡದ ಮೇಲೆ ಕಾಯಿಸಿ, ವಾಸನೆ ಪೂರ್ತಿ ಹೋದ ಮೇಲೆಯೇ ಒಳಗೆ ತನ್ನಿ. ಅಂಚು ಬ್ಲೇಡಿನಷ್ಟು ಹರಿತ. ಅಂಚು ಮಡಚಿಸಲು ಕೂಲಿ ಕೊಟ್ಟದ್ದು ಅದಕ್ಕೇ.

ಗೋಡೆಗೂ ಪ್ಲೇಟಿಗೂ ಒಂದೂವರೆ ಇಂಚು ಸಂದು ಬಿಟ್ಟಿದ್ದೇನೆ. ಕೆಳಗೂ ಮೇಲೂ ತೆರೆದಿದೆ. ಸಂದಿನ ಗಾಳಿ ಬಿಸಿಯಾಗಿ ತಾನೇ ಮೇಲಕ್ಕೆ ಏರಿ ತಟ್ಟೆಯ ಅಂಚಿಗೆ ಹೋಗುತ್ತದೆ. ಮೊದಲು ಅಂಚಿನ ಅಡಿಕೆ ಯಾವಾಗಲೂ ಹಿಂದೆ ಬೀಳುತ್ತಿತ್ತು, ಈಗ ನಡುವಿನದರ ಜೊತೆಗೇ ಆಗುತ್ತದೆ. ಮೂಲೆಯಲ್ಲಿ ಪ್ಲೇಟನ್ನು ಸ್ವಲ್ಪ ವಾರೆ ಕೂರಿಸಿದ್ದೇನೆ. ಎಷ್ಟು ವಾರೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ತುಂಬ ರಾತ್ರಿ ನಿದ್ದೆಗೆಟ್ಟು ಕಂಡುಕೊಂಡದ್ದು. ಮನೆಗೆ ಬಂದವರಿಗೆ ಕಾಫಿ ಕೊಟ್ಟು ತೋರಿಸುತ್ತೇನೆ.

ನಿಜವಾದ ಲಾಭ ನೆಲದಲ್ಲಿತ್ತು. ಮೊದಲ ಕೊಯ್ಲಿಗೆ ಗೋಡೆಗೆ ಮಾತ್ರ ಹಾಕಿದ್ದೆ, ಉಳಿದದ್ದು ಒಂದು ಲೋಡಿಗಿಂತ ಕಡಿಮೆ. ಮಳೆಗಾಲದಲ್ಲಿ ನಮ್ಮ ಕಡೆ ನೆಲದಿಂದ ಜಲ ಏಳುತ್ತದೆ. ಪೈಪಿನ ಕೆಳಗಿನ ಅರ್ಧ ಮೈ ಆ ಒದ್ದೆ ನೆಲವನ್ನು ಒಣಗಿಸುತ್ತಾ ಕೂತಿತ್ತು. ನೆಲಕ್ಕೆ ನಾಲ್ಕು ಇಂಚು ಒಣ ಮರಳು, ಅದರ ಮೇಲೆ ಕಲ್ಲಿನ ಚೂರು ಇಟ್ಟು ಸಂದು ಬಿಟ್ಟು ಪ್ಲೇಟ್ ಹಾಸಿದೆ. ಆಮೇಲೆ ಕಂಡದ್ದು ಈ ಎರಡು ಲೋಡಿನ ಉಳಿತಾಯ. ಮುಂಚೆ ಒಂದು ಒಬ್ಬೆ, ಅಂದರೆ ಒಂದು ಸಲ ಬೇಯಿಸಿ ಹಾಕಿದ ಅಡಿಕೆ, ಒಣಗಲು ನಾಲ್ಕು ರಾತ್ರಿ, ಈಗ ಮೂರು ರಾತ್ರಿ ಮತ್ತು ಮೇಲೊಂದು ಹೊತ್ತು. ರಾತ್ರಿ ಎರಡು ಗಂಟೆಗೆ ಎದ್ದು ಸೌದೆ ತುಂಬಿದವರಿಗೇ ಆ ಒಂದು ರಾತ್ರಿಯ ಬೆಲೆ ಗೊತ್ತು.

ನೆಲದ ಪ್ಲೇಟಿಗೆ ಎರಡೇ ಶತ್ರು, ಚೊಗರಿನ ಹನಿ ಮತ್ತು ಧೂಳು. ಬೇಯಿಸಿದ ಅಡಿಕೆಯನ್ನು ಬುಟ್ಟಿಯಲ್ಲೇ ಪೂರ್ತಿ ಬಸಿದು ತಟ್ಟೆಗೆ ಹಾಕಿ. ಆದರೂ ಒಬ್ಬೆಗೊಮ್ಮೆ ಒರೆಸಲೇಬೇಕು. ನಮ್ಮವರಿಗೆ ಪಾತ್ರೆ ಕಂಡರೆ ಬೂದಿ ನೆನಪಾಗುತ್ತದೆ. ಇಲ್ಲಿ ಬೂದಿ ಬೇಡವೇ ಬೇಡ. ಒದ್ದೆ ಬೂದಿಯೂ ಸುಣ್ಣದ ಹಾಗೇ ಅಲ್ಯೂಮಿನಿಯಂನ ಹೊಳಪು ಕೆಡಿಸುತ್ತದೆ. ನಾನು ಒರೆಸುವುದು ಅಡುಗೆಮನೆಯಲ್ಲೇ ಸಿಗುವ ಒಂದು ಹುಳಿಯಿಂದ. ಯಾವ ಹುಳಿ ಅಂತ ಮಲೆನಾಡಿನವರು ಊಹಿಸಬಹುದು.

ಗಾಳಿ ಕಿಂಡಿಯ ಮಾತು. ಕಾವು ಉಳಿಯುತ್ತದೆ ಎಂದು ಕಿಂಡಿ ಮುಚ್ಚಲು ಹೋಗಬೇಡಿ. ಮೊದಲ ದಿನ ಅಡಿಕೆ ಬಿಡುವ ಹಬೆ ಹೊರಗೆ ಹೋಗಲೇಬೇಕು, ಇಲ್ಲದಿದ್ದರೆ ಮಾಡಿನಿಂದ ಮತ್ತೆ ಅಡಿಕೆ ಮೇಲೇ ಹನಿಯುತ್ತದೆ. ನಾನು ಮೊದಲ ರಾತ್ರಿ ಪೂರ್ತಿ ತೆರೆದು, ಕೊನೆಯ ರಾತ್ರಿ ಕಾಲು ಭಾಗ ಬಿಡುತ್ತೇನೆ. ತಟ್ಟೆಯ ಹತ್ತಿರ 60 ಡಿಗ್ರಿ ಆಸುಪಾಸು ಇರುವ ಹಾಗೆ ಒಲೆ ನೋಡಿಕೊಳ್ಳುತ್ತೇನೆ. ಪ್ಲೇಟ್ ಹಾಕಿದ ಮೇಲೆ ಹಳೇ ಅಭ್ಯಾಸದಲ್ಲಿ ಸೌದೆ ತುಂಬಿದರೆ ಕೆಳಗಿನ ತಟ್ಟೆಯ ಅಡಿಕೆ ಸೀಳುತ್ತದೆ. ಕೈ ಹಿಡಿದು ಉರಿಸಬೇಕು.

ಅಳತೆ ಮಾಡುವವರಿಗೆ ಒಂದು ಎಚ್ಚರಿಕೆ. ಕೊರೊನಾ ಕಾಲದ ಜ್ವರ ನೋಡುವ ಗನ್ ಆಗುವುದಿಲ್ಲ, ಅದು ನಲವತ್ತು ದಾಟುತ್ತಿದ್ದ ಹಾಗೆ ಕೈಚೆಲ್ಲುತ್ತದೆ. ಕಾರ್ಖಾನೆಯವರು ಬಳಸುವ ಗನ್ ಬೇಕು. ಅದೂ ಹೊಳೆಯುವ ಪ್ಲೇಟಿನ ಮೇಲೆ ಸುಳ್ಳು ಹೇಳುತ್ತದೆ, ಎದುರಿನ ಪೈಪಿನ ಕಾವನ್ನೇ ಪ್ಲೇಟಿನದೆಂದು ತೋರಿಸುತ್ತದೆ. ಪ್ಲೇಟಿಗೆ ಎರಡು ಬೆರಳಗಲ ದೀಪದ ಮಸಿ ಬಳಿದು ಅಲ್ಲಿ ಗನ್ ಹಿಡಿಯಿರಿ. ಗೋಡೆಯ ಹೊರಮೈಗೆ ಮಸಿ ಬೇಡ, ಜಂಬಿಟ್ಟಿಗೆ ಸರಿಯಾದ ಲೆಕ್ಕವನ್ನೇ ಕೊಡುತ್ತದೆ. ಒಲೆ ಬಾಯಿ ಕಡೆಯ ಹೊರಗೋಡೆ ಮೊದಲು 45ರ ಹತ್ತಿರ ಇರುತ್ತಿತ್ತು, ಈಗ 32–33.

ಇದೇ ಹುಮ್ಮಸ್ಸಿನಲ್ಲಿ ಬೇರೆ ಕಡೆಯೂ ಪ್ರಯತ್ನ ಮಾಡಿದೆ. ಬಚ್ಚಲ ಹಂಡೆ ಒಲೆಯೊಳಗೆ ಪ್ಲೇಟ್ ಹಾಕಿದ್ದು ಪ್ರಯೋಜನವಿಲ್ಲ. ಒಂದೇ ದಿನಕ್ಕೆ ಮಸಿ ಹಿಡಿದು ಕಪ್ಪಾಯಿತು. ಬೆಂಕಿ ನೇರ ಬಡಿಯುವ ಕಡೆ ಅಲ್ಯೂಮಿನಿಯಂ ಕರಗಿಯೂ ಹೋಗಬಹುದು. ಆದರೆ ಅಮ್ಮನ ಅಗ್ಗಿಷ್ಟಿಕೆಯ ಹಿಂದೆ ಎರಡು ಪ್ಲೇಟ್ ನಿಲ್ಲಿಸಿದ್ದು ಚೆನ್ನಾಗಿ ಆಯಿತು. ಆಷಾಢದ ಚಳಿಯಲ್ಲಿ ಮೊದಲಿನ ಅರ್ಧ ಕೆಂಡ ಸಾಕಾಗುತ್ತಿದೆ. "ಬೆನ್ನಿಗೂ ಬಿಸಿ ಬರ್ತಿದೆ ಕಣೋ" ಅಂದರು ಅಮ್ಮ. ಕೆಂಡ ಇರುವ ಕೋಣೆಯ ಬಾಗಿಲು, ಕಿಟಕಿ ಮುಚ್ಚಬೇಡಿ, ಕೆಂಡದಿಂದ ಬರುವ ವಿಷಗಾಳಿ ಪ್ರಾಣ ತೆಗೆಯುತ್ತದೆ. ಕೋಳಿಮರಿಯ ಬಲ್ಬಿನ ಸುತ್ತ ಉಳಿದ ಚೂರು ಕಟ್ಟಿದ್ದೇನೆ. ಮರಿಗಳು ಬಲ್ಬಿನ ಕೆಳಗೆ ಗುಂಪುಗೂಡುವುದು ಬಿಟ್ಟು ಹರಡಿ ಮಲಗುತ್ತವೆ. ಲೆಕ್ಕ ಇನ್ನೂ ಹಾಕಿಲ್ಲ.

ಡ್ರೈಯರ್ ಲೆಕ್ಕ ಮಾತ್ರ ಬಾಯಿಪಾಠ. ಪ್ಲೇಟಿಗೆ ಹೋದದ್ದು ಎಂಟು ಸಾವಿರ. ಮೊದಲು ಹಾಳಾದ ರೋಲ್, ಫಾಯಿಲ್ ಎಲ್ಲ ಸೇರಿದರೆ ಹನ್ನೊಂದರ ಹತ್ತಿರ. ಅಕೇಶಿಯಾ ಸೌದೆ ಪಿಕಪ್‌ಗೆ ಈಗ ನಮ್ಮಲ್ಲಿ ಐದು ಸಾವಿರ, ಇಳಿಸುವ ಕೂಲಿ ಬೇರೆ. ವರ್ಷಕ್ಕೆ ಎರಡು ಲೋಡ್ ಉಳಿದರೆ ಹತ್ತು ಸಾವಿರ ಮೇಲೇ. ನಕ್ಕ ಬಾವನ ಮನೆಯ ಡ್ರೈಯರ್‌ಗೆ ಈ ಬೇಸಿಗೆಯಲ್ಲಿ ನಾನೇ ಅಳತೆ ತೆಗೆದುಕೊಟ್ಟು ಬಂದೆ. ಅವರದು ಇನ್ನೂ ದೊಡ್ಡ ಕೋಣೆ, ಎಪ್ಪತ್ತು ಪ್ಲೇಟ್ ಬೇಕು.

ಪ್ಲೇಟ್ ಬೇಕಾದವರು ಮದುವೆ ಸೀಸನ್ ಮುಗಿಯುವಾಗ ಅಥವಾ ಚುನಾವಣೆ ಆದ ತಕ್ಷಣ ಪ್ರೆಸ್ಸಿನವರನ್ನು ಕೇಳಿ, ಆಗ ರಾಶಿ ಇರುತ್ತದೆ. ಗುಜರಿಯವನ ಕೈಗೆ ಹೋದ ಮೇಲೆ ಕೊಂಡರೆ ರೇಟೂ ಜಾಸ್ತಿ, ಪ್ಲೇಟೂ ಮುದುಡಿರುತ್ತದೆ. ಏನೇ ಆದರೂ ಮಳೆ ಹಿಡಿಯುವ ಮೊದಲು, ಗೋಡೆ ಒಣಗಿರುವಾಗಲೇ ಹಾಕಿ ಮುಗಿಸಿ.