ಮಿಲ್ಲಿನ ಸೋಲಾರ್ ಕರೆಂಟು ಲೈನಿಗೆ ಹೋಗದಂತೆ ನಾವು ಮಾಡಿಕೊಂಡ ಏರ್ಪಾಡು

ಮಂಡ್ಯದ ಹತ್ತಿರ ನಮ್ಮದೊಂದು ರೈಸ್ ಮಿಲ್ಲು ಇದೆ. ಅದರ ಶೀಟಿನ ಮೇಲೆ 50 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. ಮಿಲ್ಲು ಓಡುವುದೇ ಹಗಲು ಹೊತ್ತು, ಬಂದ ಕರೆಂಟೆಲ್ಲ ನಮ್ಮ ಮೋಟಾರುಗಳಿಗೇ ಬೇಕು. ಲೈನಿಗೆ ಕೊಟ್ಟರೆ ಸಿಗುವ ದರಕ್ಕಿಂತ ನಾವು ಕೊಳ್ಳುವ ದರವೇ ಜಾಸ್ತಿ. ಅದಕ್ಕೇ ನೆಟ್ ಮೀಟರಿಂಗ್ (ಹೆಚ್ಚಾದ ಕರೆಂಟನ್ನು ಲೈನಿಗೆ ಕೊಟ್ಟು ಬಿಲ್ಲಿನಲ್ಲಿ ಲೆಕ್ಕ ಹಾಕಿಸಿಕೊಳ್ಳುವುದು) ಬೇಡ, ಹೊರಗೆ ಏನೂ ಹೋಗದ ಹಾಗೆ ಮಾಡೋಣ ಅಂದುಕೊಂಡೆವು. ಜೀರೋ ಎಕ್ಸ್‌ಪೋರ್ಟ್ ಅನ್ನುವುದು ಇದಕ್ಕೇ.

ಹೊರಗೆ ಕೊಡುವುದಿಲ್ಲ ಅಂದರೆ ಯಾರನ್ನೂ ಕೇಳಬೇಕಿಲ್ಲ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ನಮ್ಮ ಇನ್ವರ್ಟರು, ಅಂದರೆ ಸೋಲಾರಿನ ಡಿಸಿ ಕರೆಂಟನ್ನು ಎಸಿ ಮಾಡುವ ಯಂತ್ರ, ಲೈನಿನ ಜೊತೆ ಸೇರಿಕೊಂಡೇ ಓಡುತ್ತದೆ. ಆದ್ದರಿಂದ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಸರಬರಾಜು ಕಂಪನಿ) ಸೆಕ್ಷನ್ ಆಫೀಸಿಗೂ ವಿದ್ಯುತ್ ಪರಿವೀಕ್ಷಣಾಲಯಕ್ಕೂ ಡ್ರಾಯಿಂಗ್ ಕೊಟ್ಟೇ ಮುಂದಕ್ಕೆ ಹೋದೆವು. ಇಂಥ ಜೋಡಣೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳೇ ಇವೆ.

ಕೆಲಸ ನಡೆಯುವಾಗ ನಮ್ಮ ಕಡೆಯ ಲೈನ್‌ಮನ್ ಬಂದು ನೋಡಿ ಒಂದು ಮಾತು ಕೇಳಿದರು. "ಅಣ್ಣ, ನಾವು ಎಲ್‌ಸಿ ತಗೊಂಡು ಕಂಬ ಹತ್ತಿರ್ತೀವಿ. ನಿಮ್ ಕಡೆಯಿಂದ ಕರೆಂಟ್ ಬಂದ್ರೆ ನಮ್ ಗತಿ ಏನು?" ಎಲ್‌ಸಿ ಅಂದರೆ ಲೈನು ಆಫ್ ಮಾಡಿಸಿ ಕೆಲಸಕ್ಕೆ ಪಡೆಯುವ ಅನುಮತಿ. ಸರಿಯಾದ ಪ್ರಶ್ನೆ. ಮಿಲ್ಲಿನ ಕಡೆಯಿಂದ 415 ವೋಲ್ಟ್ ಹಿಂದಕ್ಕೆ ಹೋದರೆ ಟಿಸಿ, ಅಂದರೆ ಲೈನಿನ ಟ್ರಾನ್ಸ್‌ಫಾರ್ಮರ್, ಅದನ್ನೇ 11,000 ವೋಲ್ಟ್ ಮಾಡಿ ಮೇಲಿನ ಲೈನಿಗೆ ಏರಿಸುತ್ತದೆ. ಲೈನು ಆಫ್ ಆಗಿದೆ ಅಂತ ನಂಬಿ ಕೈ ಇಟ್ಟವರ ಜೀವ ಹೋಗುತ್ತದೆ.

ಇದನ್ನು ತಡೆಯುವುದು ಜೀರೋ ಎಕ್ಸ್‌ಪೋರ್ಟ್ ಅಲ್ಲ. ಲೈನು ಹೋದ ಕೂಡಲೇ, ಹೆಚ್ಚೆಂದರೆ ಎರಡು ಸೆಕೆಂಡಿನಲ್ಲಿ, ಇನ್ವರ್ಟರು ತಾನಾಗಿ ನಿಲ್ಲಬೇಕು. ಆಂಟಿ ಐಲ್ಯಾಂಡಿಂಗ್ ಅಂದರೆ ಇದೇ. ಲೈನು ಇರುವಾಗ ಕರೆಂಟು ಹೊರಗೆ ಹೋಗದಂತೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಎರಡನ್ನೂ ಬೇರೆ ಬೇರೆ ಪರೀಕ್ಷೆ ಮಾಡಬೇಕು. ಲೈನ್‌ಮನ್ ಎದುರಿಗೇ ಮೇನ್ ಇಳಿಸಿ ಇನ್ವರ್ಟರ್ ನಿಲ್ಲುವುದನ್ನು ತೋರಿಸಿದೆ.

ಇನ್ನು ಎಕ್ಸ್‌ಪೋರ್ಟ್ ವಿಷಯ. "ಇನ್ವರ್ಟರ್‌ನಲ್ಲಿ ಒಂದು ಸೆಟ್ಟಿಂಗ್ ಸಾರ್, ಆನ್ ಮಾಡಿದ್ರೆ ಮುಗೀತು" ಅಂದರು ಹಾಕಲು ಬಂದವರು. ನಿಜವಾಗಿ ಕೆಲಸ ಮಾಡುವುದು ಮೇನ್ ಕೇಬಲ್ಲಿಗೆ ಹಾಕುವ ಮೂರು ಸಿಟಿ (ಕೇಬಲ್ಲಿನಲ್ಲಿ ಹರಿಯುವ ಕರೆಂಟನ್ನು ಅಳೆಯುವ ಬಳೆಯಂಥ ಕರೆಂಟ್ ಟ್ರಾನ್ಸ್‌ಫಾರ್ಮರ್) ಮತ್ತು ಒಂದು ಪುಟ್ಟ ಮೀಟರು. ಲೈನಿನಿಂದ ಎಷ್ಟು ಬರುತ್ತಿದೆ ಅಂತ ಮೀಟರು ನೋಡಿ ಇನ್ವರ್ಟರಿಗೆ ಹೇಳುತ್ತಲೇ ಇರುತ್ತದೆ. ಇನ್ವರ್ಟರು ಅದಕ್ಕೆ ತಕ್ಕಂತೆ ಏರಿಸುತ್ತದೆ, ಇಳಿಸುತ್ತದೆ. ಸಿಟಿ ತಲೆಕೆಳಗಾದರೆ ಹೋಗುವ ಕರೆಂಟು ಬರುವಂತೆ ಕಾಣುತ್ತದೆ. ಆರ್ ಫೇಸಿನ ಸಿಟಿಗೆ ವೈ ಫೇಸಿನ ವೋಲ್ಟೇಜ್ ವೈರು ಸೇರಿದರೂ ಲೆಕ್ಕವೆಲ್ಲ ತಪ್ಪು. ಹಾಗಾಗಿ ಸೋಲಾರ್ ಪೂರ್ತಿ ಆಫ್ ಮಾಡಿ ಮಿಲ್ಲು ಓಡಿಸಿ, ಒಂದೊಂದೇ ಫೇಸಿನ ಕಿಲೋವ್ಯಾಟ್ ಓದಿದೆವು. ಮೂರೂ ಪ್ಲಸ್‌ನಲ್ಲಿರಬೇಕು, ಕ್ಲ್ಯಾಂಪ್ ಮೀಟರ್ ಹಿಡಿದು ಹಾಕಿದ ಲೆಕ್ಕಕ್ಕೂ ತಾಳೆಯಾಗಬೇಕು. ಅಲ್ಲಿಯವರೆಗೆ ಸೋಲಾರ್ ಆನ್ ಮಾಡಲು ನಾನು ಬಿಡಲಿಲ್ಲ.

ಮಿಲ್ಲಿನಲ್ಲಿ ಲೋಡು ಒಂದೇ ಸಮನೆ ಇರುವುದಿಲ್ಲ ಅಲ್ವಾ. 30 ಎಚ್‌ಪಿ ಮೋಟಾರು ನಿಂತರೆ 22 ಕಿಲೋವ್ಯಾಟ್ ಒಮ್ಮೆಲೇ ಇಲ್ಲವಾಗುತ್ತದೆ. ಇನ್ವರ್ಟರು ಎಷ್ಟೇ ಚುರುಕಾಗಿದ್ದರೂ ಆ ಗಳಿಗೆಯಲ್ಲಿ ಸ್ವಲ್ಪ ಹೊರಗೆ ಹೋಗಿಯೇ ಬಿಡುತ್ತದೆ. ಅದಕ್ಕೆ ಗುರಿಯನ್ನು ಸೊನ್ನೆಗೆ ಇಡದೆ, ಲೈನಿನಿಂದ ಯಾವಾಗಲೂ 5 ಕಿಲೋವ್ಯಾಟ್ ಬರುತ್ತಿರಲಿ ಅಂತ ಇಟ್ಟೆವು. ಅದರ ಜೊತೆ ಮೇನ್‌ನಲ್ಲಿ ರಿವರ್ಸ್ ಪವರ್ ರಿಲೇ. ಕರೆಂಟು ಹಿಂದಕ್ಕೆ ಹೋಗುವುದು ಕೆಲವು ಸೆಕೆಂಡಾದರೂ ನಿಲ್ಲದಿದ್ದರೆ ಅದು ಸೋಲಾರ್ ಬ್ರೇಕರನ್ನೇ ಬೀಳಿಸುತ್ತದೆ. ಹೊರಗೆ ಹೋದರೆ ಬಿಲ್ಲಿನಲ್ಲೂ ನಷ್ಟವಾಗಬಹುದು. ಒಂದೇ ದಿಕ್ಕಿನ ಲೆಕ್ಕ ಇಡುವ ಹಳೆಯ ಮೀಟರುಗಳಲ್ಲಿ ಕೆಲವು, ಹೊರಗೆ ಹೋದ ಯೂನಿಟ್ಟನ್ನೂ ಬಳಸಿದ ಯೂನಿಟ್ಟಾಗಿಯೇ ಎಣಿಸುತ್ತವೆ. ಸುಮ್ನೆ ಕೊಟ್ಟ ಕರೆಂಟಿಗೆ ನಾವೇ ದುಡ್ಡು ಕಟ್ಟಬೇಕಾಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಮೀಟರಿನಿಂದ ಇನ್ವರ್ಟರಿಗೆ ಹೋಗುವ ತೆಳ್ಳಗಿನ ಕೇಬಲ್ಲು. ಅಕ್ಕಿ ಇರುವ ಕಡೆ ಇಲಿ ಇಲ್ಲದಿರುತ್ತದೆಯೇ? ಅವು ಅದನ್ನು ಕಡಿದರೆ ಏನಾಗುತ್ತದೆ ಅಂತ ಕೇಳಿದೆ. ಯಾರೂ ಸರಿಯಾಗಿ ಹೇಳಲಿಲ್ಲ. ಮೋಟಾರುಗಳನ್ನು ನಿಲ್ಲಿಸಿ, ಕನೆಕ್ಟರ್ ಕಿತ್ತು ನೋಡಿದೆ. ಇನ್ವರ್ಟರಿನ ಡಿಸ್‌ಪ್ಲೇಯಲ್ಲಿ 4 ಕಿಲೋವ್ಯಾಟ್ ಇದ್ದದ್ದು 11 ಆಯಿತು, 23 ಆಯಿತು, 38ಕ್ಕೆ ಹೋಯಿತು. ಅಷ್ಟರಲ್ಲಿ ರಿಲೇ ಟಕ್ ಅಂದು ಬ್ರೇಕರ್ ಬಿತ್ತು. ಮೀಟರಿನ ಮಾತು ಕೇಳದೇ ಹೋದರೆ ಇನ್ವರ್ಟರು ಸೊನ್ನೆಗೆ ಇಳಿಯಬೇಕು ಅನ್ನುವ ಆಯ್ಕೆಯನ್ನು ಹಾಕಿದವರು ಆನ್ ಮಾಡಿಯೇ ಇರಲಿಲ್ಲ. ಮಾಡಿಸಿದೆ. ಕೇಬಲ್ಲನ್ನೂ ಜಿಐ ಪೈಪಿನೊಳಗೆ ಹಾಕಿಸಿದೆ. ನೀವು ಹಾಕಿಸಿಕೊಳ್ಳುವುದಾದರೆ ಬಾಕಿ ದುಡ್ಡು ಕೊಡುವ ಮೊದಲು ಈ ಪರೀಕ್ಷೆ ಮಾಡಿ ನೋಡಿ.

ಡೀಸೆಲ್ ಜನರೇಟರು ಇದ್ದರೆ ಇನ್ನೊಂದು ತಲೆನೋವು. ಅದು ಓಡುವಾಗ ಇನ್ವರ್ಟರಿಗೆ ಲೈನು ಬಂದಂತೆಯೇ ಕಾಣುತ್ತದೆ, ತಾನೂ ಜೊತೆ ಸೇರುತ್ತದೆ. ಸೋಲಾರ್ ಜಾಸ್ತಿಯಾದರೆ ಕರೆಂಟು ಜನರೇಟರಿನೊಳಕ್ಕೇ ನುಗ್ಗುತ್ತದೆ. ಲೋಡು ತೀರಾ ಕಡಿಮೆಯಾದರೂ ಎಂಜಿನ್ನಿಗೆ ಒಳ್ಳೆಯದಲ್ಲ. ಆದ್ದರಿಂದ ಜನರೇಟರಿನ ಕಡೆಗೂ ಬೇರೆ ಸಿಟಿ, ಬೇರೆ ಮೀಟರು ಹಾಕಿ, ಅದರ ಸಾಮರ್ಥ್ಯದ 30 ಶೇಕಡಾ ಲೋಡು ಯಾವಾಗಲೂ ಅದರ ಮೇಲೇ ಇರುವಂತೆ ಇಟ್ಟೆವು. ಲೈನು ಮತ್ತು ಜನರೇಟರಿನ ನಡುವೆ ಇಂಟರ್‌ಲಾಕ್ ಇರುವ ನಾಲ್ಕು ಪೋಲ್ ಚೇಂಜ್‌ಓವರ್ ಇದೆ. ಎರಡೂ ಒಟ್ಟಿಗೆ ಸೇರಲು ದಾರಿಯೇ ಇಲ್ಲ.

ಸೋಲಾರ್ ಬಂದ ಮೇಲೆ ಪವರ್ ಫ್ಯಾಕ್ಟರ್ (ಲೈನಿನಿಂದ ಎಳೆಯುವ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಬೀಳುತ್ತದೆ ಅನ್ನುವುದನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಲೋಡು 60 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.95 ಅಂತಿಟ್ಟುಕೊಳ್ಳಿ. ಸೋಲಾರ್ 40 ಕೊಟ್ಟರೆ ಲೈನಿನಿಂದ ಬರುವುದು 20 ಮಾತ್ರ. ಆದರೆ ಮೋಟಾರುಗಳಿಗೆ ಬೇಕಾದ ಕೆವಿಎಆರ್, ಅಂದರೆ ಕೆಲಸ ಮಾಡದೆ ಮೋಟಾರಿನ ಕಾಂತಕ್ಕೆ ಮಾತ್ರ ಬೇಕಾಗುವ ಪವರ್, ಮೊದಲಿನಷ್ಟೇ ಲೈನಿನಿಂದಲೇ ಬರುತ್ತದೆ. ಮೇನ್ ಮೀಟರಿನಲ್ಲಿ ಪವರ್ ಫ್ಯಾಕ್ಟರ್ ಸುಮಾರು 0.7 ಆಗುತ್ತದೆ, ಬಿಲ್ಲಿನಲ್ಲಿ ದಂಡ ಬೀಳುತ್ತದೆ. ಈ ಕೆವಿಎಆರ್ ಅನ್ನು ಮಿಲ್ಲಿನಲ್ಲೇ ಒದಗಿಸುವುದು ಕೆಪಾಸಿಟರ್ ಪ್ಯಾನೆಲ್ಲು. ನಾವು ಅದರ ಸಿಟಿಯನ್ನು ಮೇನ್ ಇನ್‌ಕಮರಿಗೆ, ಅಂದರೆ ಸೋಲಾರ್ ಸೇರುವ ಜಾಗಕ್ಕಿಂತ ಮುಂಚೆ ಹಾಕಿಸಿ, ಚಿಕ್ಕ ಕೆಪಾಸಿಟರುಗಳನ್ನು ಸೇರಿಸಿದೆವು.