ಮಡಿಕೇರಿ ದಾರಿಯ ತಿರುವುಗಳು ಮತ್ತು ಮಕ್ಕಳ ವಾಂತಿ
ಕುಶಾಲನಗರ ದಾಟಿ ಆನೆಕಾಡಿನ ತಿರುವುಗಳು ಆರಂಭವಾಗುತ್ತಿದ್ದಂತೆ, ಹಿಂದಿನ ಸೀಟಿನಲ್ಲಿ ಅದುವರೆಗೆ ಗಲಾಟೆ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮೌನವಾಗಿ, ಮುಖ ಬಿಳಿಚಿಕೊಂಡು, ಪದೇ ಪದೇ ಉಗುಳು ನುಂಗತೊಡಗಿದರೆ, ವಾಂತಿಗೆ ಹೆಚ್ಚು ಹೊತ್ತಿಲ್ಲವೆಂದು ತಿಳಿಯಬೇಕು. ಕಣ್ಣು ಮೊಬೈಲಿನಲ್ಲಿ ನೆಟ್ಟಿರುವಾಗ ಒಳಕಿವಿ ಮಾತ್ರ ಚಲನೆಯನ್ನು ಗ್ರಹಿಸುವುದರಿಂದ ಈ ತೊಂದರೆ ಹೆಚ್ಚುತ್ತದೆ. ಆದ್ದರಿಂದ ಮೊಬೈಲನ್ನು ಕುಶಾಲನಗರದಲ್ಲಿಯೇ ತೆಗೆದಿರಿಸಿ (ಅಳು ವಾಂತಿಗಿಂತ ಲೇಸು), ಕಿಟಕಿಯನ್ನು ತುಸು ಇಳಿಸಿ, ಮುಂದಿನ ಗಾಜಿನಾಚೆ ದೂರಕ್ಕೆ ನೋಡುವಂತೆ ಹೇಳಬೇಕು. ಬೆಳಗ್ಗೆ ಪೂರಿಯ ಬದಲು ಇಡ್ಲಿ ಸಾಕು. ಬದಲಿ ಬಟ್ಟೆ, ವಾಂತಿಗೆ ಗಟ್ಟಿ ಚೀಲ, ಟವೆಲ್‌ಗಳು ಡಿಕ್ಕಿಯಲ್ಲಿ ಸೂಟ್‌ಕೇಸ್‌ಗಳಡಿ ಸೇರಿದ್ದರೆ ಪ್ರಯೋಜನವಿಲ್ಲ. ಅವು ಕೈಗೆಟುಕುವಲ್ಲಿಯೇ ಇರಬೇಕು. ತಿರುವಿನಲ್ಲಿ ಕಾರು ನಿಲ್ಲಿಸುವುದಕ್ಕಿಂತ ಸುಂಟಿಕೊಪ್ಪದವರೆಗೆ ನಿಧಾನವಾಗಿ ಸಾಗುವುದು ಕ್ಷೇಮ. ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಬೇಕು. ಮಳೆಗಾಲದಲ್ಲಿ ಮಗುವನ್ನು ಹುಲ್ಲಿನ ಮೇಲೆ ಇಳಿಸಿದ್ದರೆ, ಮತ್ತೆ ಹತ್ತಿಸುವ ಮುನ್ನ ಕಾಲ್ಬೆರಳ ಸಂದಿಗಳಲ್ಲಿ ಜಿಗಣೆ ಇದೆಯೇ ಎಂದು ನೋಡಬೇಕು.