ಗೇಮ್ ಎಂಜಿನ್‌ನಲ್ಲಿ ಚೆಂಡು ಎಸೆದು ಪಿಯುಸಿ ಸೂತ್ರದ ಜೊತೆ ತಾಳೆ ನೋಡಿದೆ

ಪಿಯುಸಿಯಲ್ಲಿ ಕಲಿತ ಪ್ರಾಜೆಕ್ಟೈಲ್ (ಎಸೆದ ವಸ್ತುವಿನ ಹಾರಾಟ) ಲೆಕ್ಕ ಗೇಮ್ ಎಂಜಿನ್‌ನಲ್ಲಿ, ಅಂದರೆ ವಿಡಿಯೋ ಗೇಮ್ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ, ಎಷ್ಟು ಸರಿಯಾಗಿ ಬರುತ್ತದೆ ಎಂದು ನೋಡುವ ಕುತೂಹಲ ನನಗೆ. ಗೊಡೋ 4 ಎಂಬ ಎಂಜಿನ್ ಹಾಕಿಕೊಂಡೆ. ಅದು ಉಚಿತ.

ಅದರ 2ಡಿ ಗುರುತ್ವ ಮೊದಲೇ 980 ಪಿಕ್ಸೆಲ್ ಅಂತ ಇರುತ್ತದೆ. 100 ಪಿಕ್ಸೆಲ್ ಅಂದರೆ 1 ಮೀಟರ್ ಅಂದುಕೊಂಡರೆ ನಮ್ಮ 9.8 ಬಂತು, ಅಲ್ವಾ? ರಿಜಿಡ್‌ಬಾಡಿ (ಎಂಜಿನ್ ತಾನೇ ಲೆಕ್ಕ ಹಾಕಿ ಸರಿಸುವ ವಸ್ತು) ಚೆಂಡಿಗೆ ಸೆಕೆಂಡಿಗೆ 20 ಮೀಟರ್ ವೇಗ, 45 ಡಿಗ್ರಿ ಕೋನ ಕೊಟ್ಟೆ. ಪರದೆಯಲ್ಲಿ ವೈ ಅಕ್ಷ ಕೆಳಮುಖ, ಹಾಗಾಗಿ ಮೇಲಕ್ಕೆ ಎಸೆಯಲು ಮೈನಸ್ ಹಾಕಬೇಕು. ಹೊರಟ ಎತ್ತರಕ್ಕೇ ಮರಳುವಷ್ಟರಲ್ಲಿ ಚೆಂಡು 40.8 ಮೀಟರ್ ಹೋಗಬೇಕು ಅನ್ನುತ್ತದೆ ಸೂತ್ರ. ಹೋಗಿದ್ದು 34ರ ಹತ್ತಿರ!

ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಕಾರಣ ಡ್ಯಾಂಪಿಂಗ್, ಅಂದರೆ ಚಲಿಸುವ ವಸ್ತುವಿನ ವೇಗವನ್ನು ಎಂಜಿನ್ ಸ್ವಲ್ಪ ಸ್ವಲ್ಪವೇ ತಗ್ಗಿಸುವುದು. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಲೀನಿಯರ್ ಡ್ಯಾಂಪ್ 0.1 ಅಂತ ಸುಮ್ನೆ ಕೂತಿರುತ್ತದೆ. ಚೆಂಡಿನ ಡ್ಯಾಂಪ್ 0 ಇದ್ದರೂ ಸಾಲದು, ಎರಡನ್ನೂ ಕೂಡಿಸಿಯೇ ಎಂಜಿನ್ ಬಳಸುತ್ತದೆ. ಚೆಂಡಿನ ಡ್ಯಾಂಪ್ ಮೋಡ್ ಅನ್ನು ರಿಪ್ಲೇಸ್‌ಗೆ ಬದಲಿಸಬೇಕು, ಆಗ ಚೆಂಡಿನ 0 ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಂದಹಾಗೆ, ಇದನ್ನು ಗಾಳಿಯ ತಡೆ ಅಂತ ಕರೆಯಲು ನನಗೆ ಮನಸ್ಸಿಲ್ಲ. ಇದು ತೂಕವನ್ನು ನೋಡುವುದೇ ಇಲ್ಲ. ಗುಂಡೆಸೆತದ ಗುಂಡು, ಪ್ಲಾಸ್ಟಿಕ್ ಚೆಂಡು ಎರಡೂ ಒಂದೇ ಕಡೆ ಬೀಳುತ್ತವೆ.

ಡ್ಯಾಂಪ್ ತೆಗೆದ ಮೇಲೂ ಸುಮಾರು 24 ಸೆಂಟಿಮೀಟರ್ ಕಡಿಮೆ ಬಂತು. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ. ಎಂಜಿನ್ ಸೆಕೆಂಡಿಗೆ 60 ಸಲ, ಅಂದರೆ 60 ಹೆಜ್ಜೆಗಳಲ್ಲಿ, ಲೆಕ್ಕ ಹಾಕುತ್ತದೆ. ಪ್ರತಿ ಸಲ ಮೊದಲು ಗುರುತ್ವ ಸೇರಿಸಿ ವೇಗ ಬದಲಿಸುತ್ತದೆ. ಆಮೇಲೆ ಆ ಹೊಸ ವೇಗದಲ್ಲಿ ಚೆಂಡನ್ನು ಸರಿಸುತ್ತದೆ. ಅಂದರೆ ಇಡೀ ಹೆಜ್ಜೆಯಲ್ಲಿ ಚೆಂಡಿಗೆ ಹೆಜ್ಜೆಯ ಕೊನೆಯ ವೇಗವೇ ಇರುತ್ತದೆ. ಮೇಲೇರುವಾಗ ಅದು ಇರಬೇಕಾದ್ದಕ್ಕಿಂತ ಕಡಿಮೆ, ಇಳಿಯುವಾಗ ಜಾಸ್ತಿ. ಕಾಗದದ ಮೇಲೆ ಕೂಡಿಸಿ ನೋಡಿದರೆ ಹಾರಾಟ ಸರಿಯಾಗಿ ಒಂದು ಹೆಜ್ಜೆ, ಅಂದರೆ ಸೆಕೆಂಡಿನ 60ರಲ್ಲಿ ಒಂದು ಭಾಗದಷ್ಟು ಬೇಗ ಮುಗಿಯುತ್ತದೆ. ಅಡ್ಡ ವೇಗ 14.14. ಅದನ್ನು 60ರಿಂದ ಭಾಗಿಸಿದರೆ 0.236 ಮೀಟರ್. ಲೆಕ್ಕ ಚುಕ್ತಾ! ಟಿಕ್ (ಸೆಕೆಂಡಿಗೆ ಎಷ್ಟು ಹೆಜ್ಜೆ ಎಂಬ ಸಂಖ್ಯೆ) 120 ಮಾಡಿದೆ, ಕೊರತೆ ಅರ್ಧಕ್ಕೆ ಇಳಿಯಿತು.

ಸೂತ್ರದ ಉತ್ತರವೇ ಬೇಕಿದ್ದರೆ ರಿಜಿಡ್‌ಬಾಡಿ ಬಿಟ್ಟು ನಾವೇ ಬರೆದ ಸ್ಕ್ರಿಪ್ಟ್‌ನಲ್ಲೇ (ಕೋಡ್‌ನಲ್ಲೇ) ಚೆಂಡನ್ನು ಸರಿಸಬಹುದು. ಪ್ರತಿ ಹೆಜ್ಜೆಗೂ ಹಳೆಯ ವೇಗ, ಹೊಸ ವೇಗ ಎರಡರ ಸರಾಸರಿ ಹಿಡಿದರೆ 40.8 ಬರುತ್ತದೆ. ಆಟಕ್ಕೆ ಇದೆಲ್ಲ ಬೇಡ. ಆದರೆ ಚೆಂಡು ಎಲ್ಲಿ ಬೀಳುತ್ತದೆ ಎಂದು ತೋರಿಸುವ ಚುಕ್ಕಿ ಗೆರೆಯನ್ನು ಮಾತ್ರ ನಾನೀಗ ಸೂತ್ರದಿಂದ ಬಿಡಿಸುವುದಿಲ್ಲ. ಮೊದಲು ವೇಗ, ಆಮೇಲೆ ಜಾಗ ಎಂದು ಎಂಜಿನ್‌ನ ಕ್ರಮದಲ್ಲೇ ಬಿಡಿಸುತ್ತೇನೆ.